ಕೆಂಪು ದಾರದ ಕರಿ ಕಂಬಳಿ

ತರೀಕೆರೆಯಲ್ಲಿ ಕಂಡವರ ಮನೆ ಮುಸುರೆ ತಿಕ್ಕಿ ಬದುಕಿದ ಅಷ್ಟೂ ವರ್ಷ ಅಂಜಿನಮ್ಮ ಕಂಬಳಿ ಮುಟ್ಟಲಿಲ್ಲ. ಮಾಗಿಯ ಚಳಿಯಲ್ಲೂ ಬರಿ ನೆಲದ ಮೇಲೆ ಮುದುರಿಕೊಂಡು ಮಲಗುತ್ತಿದ್ದಳು. ಜನ ಹುಚ್ಚಿ ಅಂದರು. ಅವರಿಗೇನು ಗೊತ್ತು, ಮಣ್ಣು!

ಅದಕ್ಕೆ ಮೊದಲು, ಐವತ್ತರ ದಶಕದಲ್ಲಿ, ಯಗಟಿ ಕಡೆಯ ಅವಳ ಹಳ್ಳಿಯಲ್ಲಿ ಅವಳಷ್ಟು ಸಣ್ಣಗೆ ಉಣ್ಣೆ ನೂಲುವವರು ಇರಲಿಲ್ಲ. ಗಂಡ ಲಕ್ಕಣ್ಣ ನೇಯುತ್ತಿದ್ದ. ವರ್ಷಕ್ಕೊಂದು ಕರಿ ಕಂಬಳಿ ಗುಡ್ಡದ ಮೇಲಿನ ದೇವಿಯ ಗವಿಗೆ ಹೋಗಬೇಕು, ಅದರ ಅಂಚಿಗೆ ಅಂಜಿನಮ್ಮ ಕೈಯಾರೆ ಕೆಂಪು ದಾರ ಹೊಲಿಯಬೇಕು. ಗವಿಯ ಯಜಮಾನ ಈರಭದ್ರಪ್ಪ ಅದನ್ನು ಹಾಸಿ, ಕಷ್ಟ ಹೇಳಿಕೊಂಡು ಬಂದವರ ಕೈಯಲ್ಲಿ ಮುಟ್ಟಿಸಿ ಆಣೆ ಹಾಕಿಸುತ್ತಿದ್ದ: ಗವಿ ಕೇಳಿದ್ದನ್ನು ಇಲ್ಲ ಅನ್ನುವುದಿಲ್ಲ. ಕುರಿಗಳಿಗೆ ರೋಗ ಬಂದಾಗ ಲಕ್ಕಣ್ಣನೂ ಮುಟ್ಟಿದ್ದ.

ಒಂದು ವರ್ಷ ಗವಿ ನೆರೆಮನೆಯ ಯಲ್ಲಮ್ಮನ ಮಗಳನ್ನು ಕೇಳಿತು. ಗುಡ್ಡ ಹತ್ತಿದ ಹುಡುಗಿ ಇಳಿಯಲಿಲ್ಲ. ಯಲ್ಲಮ್ಮ ಮನೆಮನೆಗೆ ಬೆಲ್ಲ ಹಂಚಿ, "ನಮ್ಮುಡುಗಿ ದೇವೀನ ಸೇರ್ಕಂಡ್ಳು ಕಣ್ರವ್ವಾ" ಅಂದಳು. ಅಂಜಿನಮ್ಮನೂ ಬೆಲ್ಲ ತಿಂದಳು. ಊರಿಗೆ ಊರೇ ತಿಂದಿತು, ಥೂ!

ಮರುವರ್ಷ ಈರಭದ್ರಪ್ಪ ಕಂಬಳಿಯ ಜೊತೆಗೆ ಅವಳ ಮಗಳು ತೀರ್ಥಿಯನ್ನೂ ಕೇಳಿದ. ಮಗ್ಗದ ನೂಲಿಗೆ ಹುಣಸೆಬೀಜದ ಗಂಜಿ ಬಳಿಯುತ್ತಿದ್ದ ಲಕ್ಕಣ್ಣ ತಲೆ ಎತ್ತಲಿಲ್ಲ.

"ಕಂಬಳಿ ಮುಟ್ಟಿದೀನಿ ಕಣೇ. ನಾನೇನ್ ಮಾಡ್ಲಿ?"

"ನಾನ್ ಮುಟ್ಟಿಲ್ಲ," ಅಂದಳು ಅಂಜಿನಮ್ಮ.

ಅವನು ಸಂತೆಗೆ ಹೊರಟದ್ದೇ ತಡ, ಮಗಳನ್ನು ಎಳೆದುಕೊಂಡು ಬಸ್ಸು ಹತ್ತಿದಳು. ಕಡೂರು, ಅಜ್ಜಂಪುರ, ಅಲ್ಲಿಂದ ಬುಕ್ಕಾಂಬುಧಿಯಲ್ಲಿದ್ದ ತಮ್ಮ ತಿಮ್ಮರಾಯಪ್ಪನ ಮನೆ. ಅಷ್ಟು ದೂರಕ್ಕೆ ಗವಿಯ ಕೈ ಚಾಚಲಾರದು ಎಂದು ನಂಬಿದ್ದಳು, ಪಾಪ.

ತಮ್ಮ ಎಲ್ಲವನ್ನೂ ಕೇಳಿಸಿಕೊಂಡ. "ಆಗ್ಲಿ ಬಿಡಕ್ಕ. ಮೊದ್ಲು ಕೂತ್ಕ, ಮಗಾನೂ ದಣಿದೈತೆ," ಎಂದು ಒಳಗಿನಿಂದ ಕಂಬಳಿ ತಂದು ಹಾಸಿದ. ತೀರ್ಥಿ ಅದರ ಮೇಲೆ ಬಿದ್ದುಕೊಂಡವಳೇ ನಿದ್ದೆಹೋದಳು.

ಕಂಬಳಿಯ ಅಂಚಿನಲ್ಲಿ ಕೆಂಪು ದಾರವಿತ್ತು. ಅವಳದೇ ಹೊಲಿಗೆ.

ಅಂಜಿನಮ್ಮ ಮಗಳ ರಟ್ಟೆ ಹಿಡಿದು ಎಬ್ಬಿಸಿ ತಿರುಗಿದರೆ ತಿಮ್ಮರಾಯಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. "ನನ್ ಮಗ ಉಳೀಲಿ ಅಂತ ಮುಟ್ಟಿದ್ದೆ ಕಣಕ್ಕ," ಅಂದ. ಅವನ ಕಣ್ಣಲ್ಲೂ ನೀರಿತ್ತು. ಅವನ ಹೆಂಡತಿ ತಟ್ಟೆ ಹಿಡಿದುಕೊಂಡು ಅಡುಗೆಮನೆಯಿಂದ ಬಂದಳು.

"ಬೆಲ್ಲ ತಗಳಿ ಅತ್ತಿಗೆ, ಬಾಯಿ ಸಿಹಿ ಮಾಡ್ಕಳಿ."