ಕೊನೆಯ ಪಂಕ್ತಿಯ ಡ್ಯೂಟಿ

ಕೊರೋನಾ ಕಾಲದಲ್ಲಿ ನಮ್ಮ ಮ್ಯಾನೇಜರು ಯಾರಿಗೂ ಭೇದ ಮಾಡಲಿಲ್ಲ ಎಂದು ಮದ್ರಾಸಿನ ಅಂಬತ್ತೂರಿನಲ್ಲಿರುವ ನಮ್ಮ ಆಫೀಸಿನಲ್ಲಿ ಇವತ್ತಿಗೂ ಹೇಳುತ್ತಾರೆ. ಹೇಳುವವರು ಯಾರು? ಆಗ ಮನೆಯಲ್ಲಿ ಕೂತು ಕೆಲಸ ಮಾಡಿದವರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲುತ್ತಿದ್ದವಳು ನಾನು. ಸಾಕ್ಷಿಯ ಮಾತಿಗಿಂತ ಮೊದಲು ಸಾಕ್ಷಿ ಕೂತಿರುವ ಜಾಗ ನೋಡುತ್ತೇನೆ.

ನಮ್ಮದು ಆಕ್ಸಿಜನ್ ಸಿಲಿಂಡರಿಗೆ ವಾಲ್ವ್ ಮಾಡುವ ಕಾರ್ಖಾನೆ. ಲಾಕ್‌ಡೌನಿನಲ್ಲೂ ಮುಚ್ಚಲಿಲ್ಲ. ಮಾಲು ಕಳಿಸುವ ವಿಭಾಗದಲ್ಲಿ ಇದ್ದದ್ದು ಇಬ್ಬರೇ: ನಾನು, ಮತ್ತು ನನ್ನ ಜೊತೆಗೇ ಸೇರಿದ್ದ ಒಬ್ಬ ತಮಿಳು ಹುಡುಗಿ. ಒಬ್ಬರು ಕಾರ್ಖಾನೆಗೆ ಬಂದರೆ ಸಾಕು, ಇನ್ನೊಬ್ಬರು ಮನೆಯಿಂದ ಮಾಡಬಹುದು. ವಾರಕ್ಕೊಬ್ಬರಂತೆ ಸರದಿ ಹಾಕುತ್ತಾರೆ ಎಂದುಕೊಂಡೆ. ಹಾಕಲಿಲ್ಲ. ಪ್ರತಿ ವಾರವೂ ನಾನೇ.

ತಾಂಬರಂನಲ್ಲಿ ಹೋಟೆಲು ನಡೆಸುವ ಕನ್ನಡದ ಮನೆ ನಮ್ಮದು; ಮನೆಯಲ್ಲಿ ಉಬ್ಬಸದ ಅಜ್ಜಿ. ಕಂಪನಿ ವ್ಯಾನಿನಿಂದ ಇಳಿದು ಬಂದರೆ ಅಮ್ಮ ಬಾಗಿಲಲ್ಲೇ ತಡೆಯುತ್ತಿದ್ದರು: "ಮೊದಲು ಮಿಂದು ಬಾ ಮಾರಾಯ್ತಿ. ಅಜ್ಜಿ ಕೋಣೆ ಹತ್ರ ಹೋಗಲೇಬೇಡ."

ಮುಚ್ಚಿದ ಬಾಗಿಲಿನ ಆಚೆಯಿಂದ ಅಜ್ಜಿ ಕೂಗುತ್ತಿದ್ದರು: "ಮಧ್ಯಾಹ್ನ ಎಂತ ತಿಂದೆ ಮಗಾ?" ನಾನೂ ಬಾಗಿಲಿಗೇ ಉತ್ತರ ಹೇಳುತ್ತಿದ್ದೆ.

ಬೆಳಗಿನ ವಿಡಿಯೋ ಮೀಟಿಂಗಿನಲ್ಲಿ ಆ ಹುಡುಗಿಯ ಹಿಂದೆ ಅವಳ ಪಾಟಿ, ಅಂದರೆ ಅಜ್ಜಿ, ಸಣ್ಣ ಈರುಳ್ಳಿ ಸುಲಿಯುತ್ತ ಕೂತಿರುತ್ತಿದ್ದರು. ಆಗಾಗ ಕೈ ಚಾಚಿ ಮೊಮ್ಮಗಳ ಜಡೆ ಸರಿಮಾಡುತ್ತಿದ್ದರು. ಮೀಟಿಂಗಿನಲ್ಲಿ ಯಾರು ಏನು ಹೇಳಿದರೋ ತಿಳಿಯದು, ನಾನು ಆ ಕೈಯನ್ನೇ ನೋಡುತ್ತಿದ್ದೆ. ಅವಳ ಇಂಟರ್ನೆಟ್ ಕೆಡಲಿ ಎಂದು ದಿನಾ ಹಾರೈಸುತ್ತಿದ್ದೆ. ಕೆಡುತ್ತಿರಲಿಲ್ಲ.

ಮ್ಯಾನೇಜರಿಗೆ ಫೋನು ಮಾಡಿದೆ. ಅವರದೂ ತಲೆಮಾರುಗಳಿಂದ ಮದ್ರಾಸಿನಲ್ಲಿ ನೆಲೆಸಿದ ಕನ್ನಡದ ಮನೆ.

"ಸರದಿ ಯಾಕಿಲ್ಲ ಸಾರ್?"

"ನೀನು ನಮ್ಮ ಪೊಣ್ಣು, ನಮ್ಮನೆ ಹುಡುಗಿ ಅಲ್ವೇನಮ್ಮಾ? ನಿನ್ನ ಮನೇಲಿ ಕೂರಿಸಿದ್ರೆ, ಕನ್ನಡದವಳಿಗೆ ಸಪೋರ್ಟ್ ಮಾಡ್ತಾರೆ ಅಂತ ಆಫೀಸಲ್ಲಿ ನಾಲು ಪೇರು ಮಾತಾಡ್ತಾರೆ. ನಿಮ್ಮದು ಹೋಟ್ಲು ಮನೆ, ನಿನಗೆ ನಾ ಹೇಳ್ಬೇಕಾ? ಬಂದವರು ಮೊದಲ್ನೇ ಪಂಕ್ತಿ, ಮನೆಯವರು ಕೊನೇ ಪಂಕ್ತಿ. ಕೊಂಜ ಅಡ್ಜಸ್ಟ್ ಮಾಡ್ಕೋ."

ನನ್ನ ಮನೆಯ ನಿಯಮವನ್ನು ನನಗೇ ಬಡಿಸಿದ್ದರು. ಆದರೆ ಕೊನೆಯ ಪಂಕ್ತಿಯವರಿಗೆ ಹೆಚ್ಚೆಂದರೆ ಪಾಯಸ ತಪ್ಪೀತು, ಅಜ್ಜಿ ತಪ್ಪುವುದಿಲ್ಲ.

ಒಂದು ವಾರ ನೀನು ಹೋಗು ಎಂದು ಆ ಹುಡುಗಿಯನ್ನೇ ಕೇಳಿದೆ. "ಸಾರ್ ಸೊನ್ನಾ ವರೇನ್ ಡೀ," ಎಂದು ನಕ್ಕಳು. ಸಾರ್ ಹೇಳಿದರೆ ಬರುತ್ತಾಳಂತೆ. ಆಮೇಲೆ ದನಿ ಬಿಗಿಯಾಯಿತು. "ನೀ ದಾನೇ ಅವರೋಡ ಆಳು, ಅವರ ಕಡೆಯವಳು? ಇಬ್ಬರೂ ನಿಮ್ಮ ಭಾಷೆಯಲ್ಲಿ ಗುಸುಗುಸು ಅಂತೀರಿ, ನಮಗೇನು ಗೊತ್ತಾಗತ್ತೆ?"

ಅವಳಿಗೂ ಹೊಟ್ಟೆಯುರಿ! ಅದೂ ನನ್ನನ್ನು ಕಾರ್ಖಾನೆಗೆ ಅಟ್ಟಿದ ಆ ಕನ್ನಡದ ಮೇಲೆ. ಬೇಕಿದ್ದರೆ ತಗೋ ತಾಯೀ, ಪಾಟಿಯನ್ನು ಇತ್ತ ಕೊಡು ಅನ್ನಬೇಕೆನಿಸಿತು.

ಮಾರನೆಯ ಬೆಳಿಗ್ಗೆ ಮೀಟಿಂಗಿನಲ್ಲಿ ಮ್ಯಾನೇಜರು, ನಾವೆಲ್ಲ ಒಂದೇ ಕುಟುಂಬ ಎಂದರು. ಮನೆಯ ಸೋಫಾದ ಮೇಲೆ ಕೂತಿದ್ದರು. ತೊಡೆಯ ಮೇಲೆ ಮೊಮ್ಮಗಳು ಅವರ ಕನ್ನಡಕ ಎಳೆಯುತ್ತಿದ್ದಳು. ಪಾಟಿಯ ಕೈಯನ್ನೇ ನೋಡುತ್ತಿದ್ದ ನನಗೆ ಇಷ್ಟು ದಿನ ಈ ಸೋಫಾ ಕಂಡೇ ಇರಲಿಲ್ಲ.

ಅವರೊಡನೆ ಸದಾ ಕನ್ನಡದಲ್ಲೇ ಮಾತಾಡುತ್ತಿದ್ದವಳು, ಅವತ್ತು ಎಲ್ಲರಿಗೂ ತಿಳಿಯಲೆಂದು ತಮಿಳಿನಲ್ಲಿ ಕೇಳಿದೆ:

"ಸಾರ್, ನಮ್ಮ ಕಡೆ ಮನೆ ಯಜಮಾನರು ಊಟಕ್ಕೆ ಕೂರುವುದೂ ಕೊನೆಯ ಪಂಕ್ತಿಯಲ್ಲೇ. ನೀವು ಯಾವ ಪಂಕ್ತಿಯಲ್ಲಿ ಕೂತಿದ್ದೀರಿ?"