ನೀರು ಬಲಕ್ಕಿರಬೇಕು

ಮುಳವಾಡದ ಹತ್ತಿರದ ಒಂದು ಕೆರೆಯ ಸುತ್ತ ನಡೆದಾಡುವ ದಾರಿ ಮಾಡುವುದಿತ್ತು. ಅದನ್ನು ಅಳೆಯಲು ನಾನು ಅಳತೆಯ ಚಕ್ರ ಉರುಳಿಸುತ್ತ ಹೊರಟಿದ್ದೆ. ಬೆಳಗಿನ ಮಂಜಿನಲ್ಲಿ ನೀರು ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಅರ್ಧ ಸುತ್ತು ಮುಗಿದಿರಬೇಕು, ಎದುರಿಗೆ ಬಂದ ಮುದುಕಿಯೊಬ್ಬಳು ಅಡ್ಡ ನಿಂತಳು.

“ಉಲ್ಟಾ ಹೊಂಟೀರಿ ನೋಡ್ರಿ. ನೀರು ಬಲಕ್ಕಿರಬೇಕು.”

“ಯಾಕ ಯವ್ವಾ?”

“ಕೆರಿ ತುಂಬಿದಾಗ ನಮ್ಮ ಹನಮಪ್ಪನ ಗುಡಿ ನೀರೊಳಗ ಹೋತು. ಮೂರ್ತಿ ಊರಾಗ ತಂದಿಟ್ಟಾರ, ಖರೆ. ಆದ್ರ ನಾ ಸುತ್ತು ಹಾಕೋದು ಇಲ್ಲೇ.”

ಚಕ್ರದ ಎಣಿಕೆಯನ್ನು ಸೊನ್ನೆ ಮಾಡಿಕೊಂಡು ಅವಳ ಹಿಂದೆ ನಡೆದೆ.

ನಕ್ಷೆಯಲ್ಲಿ ನಡೆಯುವ ದಿಕ್ಕಿನ ಬಾಣವನ್ನೂ ನೀರು ಬಲಕ್ಕೆ ಬರುವಂತೆ ಹಾಕಿದೆ. ಯಾಕೆಂದು ಕಚೇರಿಯಲ್ಲಿ ಸಾಹೇಬರು ಕೇಳಿದರು. ಹೀಗೆ ನಡೆದರೆ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ ಎಂದೆ. ಕೆರೆ ದುಂಡಗಿದೆ ಎನ್ನುವುದು ಅವರಿಗೆ ಹೊಳೆಯಲಿಲ್ಲ.