ರಾಜಕುಮಾರಿಯ ಮೊಣಕಾಲು

ಬೆನ್ನಿಗೆ ಚೂರಿ ಹಾಕುವುದೇ ಸದ್ದಮ್ಮನ ಹೊಟ್ಟೆಪಾಡು. ಇಪ್ಪತ್ತೆರಡು ವರ್ಷದಿಂದ ಮಾಡಿಕೊಂಡು ಬಂದಿದ್ದಾಳೆ, ಒಂದು ದಿನಕ್ಕೂ ಪಶ್ಚಾತ್ತಾಪ ಅಂತ ಪಟ್ಟವಳಲ್ಲ. ಪರದೆಯ ಮೇಲೆ ಮಾಂತ್ರಿಕರ ರಾಜ್ಯ, ಹಾರುವ ಕುದುರೆ, ಸೇತುವೆಯ ಮೇಲೆ ನಾಯಕನನ್ನು ತಬ್ಬಿಕೊಂಡೇ ಹಿಂದಿನಿಂದ ತಿವಿಯುವ ಜೀವದ ಗೆಳೆಯ. ಪರದೆಯ ಈಚೆ, ಸ್ಟುಡಿಯೋದ ಕೋಣೆಯಲ್ಲಿ, ಅಂಗಿಯ ತೋಳು ಮೇಲೇರಿಸಿಕೊಂಡು ಎಲೆಕೋಸಿಗೆ ಚೂರಿ ಇಳಿಸುವ ಸದ್ದಮ್ಮ. ಸಿನಿಮಾದ ಇಂಥ ಸದ್ದುಗಳನ್ನೆಲ್ಲ ಚಿತ್ರೀಕರಣ ಮುಗಿದ ಮೇಲೆ ಒಂದೊಂದಾಗಿ ಹುಟ್ಟಿಸಬೇಕು. ಡ್ರ್ಯಾಗನ್ ರೆಕ್ಕೆ ಬಡಿದರೆ ಅದು ಹಳೇ ಕೊಡೆ, ದೆವ್ವ ಹಲ್ಲು ಕಡಿದರೆ ಅದು ತುಕ್ಕು ಹಿಡಿದ ಬಾಗಿಲ ಚಿಲಕ. ತಿವಿತ ತಿಂದ ಕೋಸು ಸಂಜೆ ಮನೆಯ ಅಡುಗೆಗೆ. ಚೀಲ ಬಿಚ್ಚುತ್ತಲೇ ಅಕ್ಕ ಕೇಳುತ್ತಾಳೆ, "ಇವತ್ತು ಯಾರ ಬೆನ್ನೇ ಇದು?"

ಕೋಣೆಯ ಗೋಡೆಯುದ್ದಕ್ಕೂ ಅರವತ್ತೆಂಟು ಜೊತೆ ಬೂಟು, ಚಪ್ಪಲಿ. ಅದರಲ್ಲಿ ಕಪ್ಪು ಬೂಟಿನ ಒಂದು ಜೋಡಿ ದ್ರೋಹಿಗೇ ಮೀಸಲು. ಗೆಳೆಯ ಕೈಕೊಡುತ್ತಾನೆಂದು ಪ್ರೇಕ್ಷಕರಿಗೆ ಗೊತ್ತಾಗುವುದು ಕೊನೆಯಲ್ಲಿ. ಸದ್ದಮ್ಮ ಮಾತ್ರ ಮೊದಲ ದೃಶ್ಯದಿಂದಲೇ ಅವನಿಗೆ ಕಪ್ಪು ಬೂಟು ತೊಡಿಸಿ, ನಾಯಕನಿಗಿಂತ ಕೂದಲೆಳೆಯಷ್ಟು ತಡವಾಗಿ ಹೆಜ್ಜೆ ಹಾಕಿಸುತ್ತಾಳೆ. "ಕೇಳೋರಿಗೆ ತಿಳಿಯಲ್ಲ, ಆದ್ರೆ ಎಲ್ಲೋ ಏನೋ ಸರಿಯಿಲ್ಲ ಅನ್ಸುತ್ತೆ. ಪಾಪ, ಅಷ್ಟಾದ್ರೂ ಸುಳಿವು ಕೊಡಬೇಡ್ವಾ?" ಎನ್ನುವುದು ಅವಳ ನ್ಯಾಯ.

ಇದೆಲ್ಲವನ್ನೂ ಗಾಜಿನ ಆಚೆ ಕೂತು ಹಿಡಿದಿಡುವವನು ರೆಕಾರ್ಡಿಸ್ಟ್. ಅವನಿಗೆ ಅವಳಿಟ್ಟ ಹೆಸರು 'ಇನ್ನೊಂದ್ಸಲ', ಯಾಕೆಂದರೆ ಅವನ ಬಾಯಲ್ಲಿ ಬೇರೆ ಮಾತೇ ಬರುವುದಿಲ್ಲ. ಇಬ್ಬರೂ ಇಪ್ಪತ್ತೆರಡು ವರ್ಷ ಒಂದೇ ಡಬ್ಬಿಯ ಊಟ ಹಂಚಿಕೊಂಡವರು. ಸದ್ದಮ್ಮನ ಎಡಮೊಣಕಾಲು ಹೆಜ್ಜೆಯಿಟ್ಟಾಗಲೆಲ್ಲ ಟಕ್ ಅನ್ನುತ್ತದೆ. ಆ ಟಕ್ಕನ್ನು ಪ್ರತಿ ಸಲವೂ ಹುಡುಕಿ ಅಳಿಸುವುದು ಅವನ ಕೆಲಸ. "ಕಟ್ಟಿಕೊಂಡೋರೂ ಇಷ್ಟು ಗುಟ್ಟು ಕಾಪಾಡಲ್ಲ, ತಿಳ್ಕೋ," ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಅಕ್ಕತಂಗಿಯರು ಟೀವಿ ಮುಂದೆ ಕೂತಿದ್ದರು. ಸದ್ದಮ್ಮ ಕೆಲಸ ಮಾಡದ, ಈಚೆಗೆ ಬಂದ ಯಾವುದೋ ಸಿನಿಮಾ. ಹದಿನಾರರ ರಾಜಕುಮಾರಿ ಅರಮನೆಯ ಮೆಟ್ಟಿಲಿಳಿದಳು. ಟಕ್.

"ಅಯ್ಯೋ, ಅದು ನನ್ನ ಮೊಣಕಾಲು!"

"ಮೊಣಕಾಲಿಗೂ ಗುರುತಿನ ಚೀಟಿ ಇರುತ್ತಾ? ಸುಮ್ನಿರೇ," ಅಂದಳು ಅಕ್ಕ. ಆದರೆ ಸದ್ದಮ್ಮನಿಗೆ ಎಲ್ಲ ಹೊಳೆದುಹೋಯಿತು. ಒಂದು ವರ್ಷದಿಂದ ರೆಕಾರ್ಡಿಸ್ಟ್ ಪ್ರತಿ ಸದ್ದಿಗೂ "ಸೇಫ್ಟಿಗೆ ಇನ್ನೊಂದ್ಸಲ" ಎನ್ನುತ್ತಿದ್ದ. ಮರಳು, ಜಲ್ಲಿ, ಹಲಗೆ, ಮೆಟ್ಟಿಲು, ಎಲ್ಲದರ ಮೇಲೂ ನಡೆಸಿದ್ದ.

ಸೋಮವಾರ ಅವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ರಾಜಕುಮಾರಿಗೆ ನನ್ನ ಮೊಣಕಾಲು ಕೊಟ್ಟೋರು ಯಾರು?"

ರೆಕಾರ್ಡಿಸ್ಟನ ಮುಖ ಬಿಳುಚಿಕೊಂಡಿತು. "ಸ್ಟುಡಿಯೋ ಯಜಮಾನರು ನಿನ್ನ ಸದ್ದೆಲ್ಲ ಕೂಡಿಡು ಅಂದ್ರು. ಆ ಸಿನಿಮಾಕ್ಕೆ ಅದನ್ನೇ ಹಾಕಿದ್ದು. ಇನ್ನು ಮುಂದೆ ಎಲ್ಲ ಸಿನಿಮಾಕ್ಕೂ ಅದೇ ಸಾಕಂತೆ, ಆಳು ಬೇಡವಂತೆ. ಆಗಲ್ಲ ಅಂದ್ರೆ ನನ್ನನ್ನ ಮೊದಲು ಕಳಿಸ್ತಾರೆ ಅಂತ ಹೆದರಿದೆ. ನಿಂಗೆ ಹೇಳೋಕೆ ಬಾಯಿ ಬರಲಿಲ್ಲ." ಎಲ್ಲ ಟಕ್ಕುಗಳನ್ನೂ ಅಳಿಸಿದವನು ಆ ಒಂದನ್ನು ಮರೆತಿದ್ದ.

ಕೆಲಸ ಹೋಗುವುದಕ್ಕಿಂತ ಅವಳಿಗೆ ಹೆಚ್ಚು ನೋವಾದದ್ದು ಇನ್ನೊಂದಕ್ಕೆ. ಊರ ಸಿನಿಮಾದ ದ್ರೋಹಿಗಳನ್ನೆಲ್ಲ ಮೊದಲ ಹೆಜ್ಜೆಯಲ್ಲೇ ಗುರುತಿಸುವವಳು, ದಿನಾ ಜೊತೆಗೆ ಉಂಡವನ ಹೆಜ್ಜೆಯಲ್ಲಿ ಏನೂ ಕೇಳಿಸಿಕೊಳ್ಳಲಿಲ್ಲ. ನಾಲ್ಕು ದಿನ ಡಬ್ಬಿ ಬೇರೆ ಬೇರೆ ಬಂತು. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಈ ಸ್ನೇಹ ಇನ್ನು ಮುಗಿಯಿತೆಂದೇ ಅವಳು ಲೆಕ್ಕ ಹಾಕಿದ್ದಳು.

ಐದನೆಯ ದಿನ ಸೇತುವೆಯ ಸಿನಿಮಾದ ಕೊನೆಯ ದೃಶ್ಯ ಉಳಿದಿತ್ತು. ಏಳು ವರ್ಷದ ನಂತರ ದ್ರೋಹಿ ಅದೇ ಸೇತುವೆಗೆ ಮರಳಿ ಬಂದು ನಾಯಕನ ಎದುರು ನಿಲ್ಲುತ್ತಾನೆ. ನಾಯಕ ಸ್ವಲ್ಪ ಹೊತ್ತು ನೋಡಿ, ಒಂದು ಹೆಜ್ಜೆ ಮುಂದಿಡುತ್ತಾನೆ. ಸದ್ದಮ್ಮ ಕಪ್ಪು ಬೂಟು ಎತ್ತಿ ರೆಕಾರ್ಡಿಸ್ಟನ ಮುಂದಿಟ್ಟಳು.

"ಈ ನಡಿಗೆ ನಂಗೆ ಬರಲ್ಲ. ನೀನೇ ನಡಿ."

ಬೂಟು ಬಿಗಿ. ಅವನು ಕುಂಟುತ್ತಾ ಹಲಗೆಯ ಮೇಲೆ ನಡೆದ. ಗಾಜಿನ ಆಚೆ ಅವನ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತ ಸದ್ದಮ್ಮ ಮೈಕಿನಲ್ಲಿ ಹೇಳಿದಳು, "ಇನ್ನೊಂದ್ಸಲ."

ಮತ್ತೆ ನಡೆದ. "ಇನ್ನೊಂದ್ಸಲ." ಆಹಾ, ಆ ಮಾತಿಗೆ ಇಷ್ಟು ರುಚಿಯಿದೆಯೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಒಂಬತ್ತನೆಯ ಸಲ ಅವನು ನಿಂತು ಬೆವರು ಒರೆಸಿಕೊಂಡ. "ಕೂಡಿಟ್ಟಿದ್ದೆಲ್ಲ ಬೆಳಿಗ್ಗೆ ಅಳಿಸಿಬಿಟ್ಟೆ. ಯಜಮಾನರಿಗೂ ಹೇಳಿದೆ."

"ಏನಂದ್ರು?"

"ನಿಮ್ಮಿಬ್ಬರ ವಿಚಾರ ಆಮೇಲೆ ನೋಡ್ಕೋತೀನಿ ಅಂದ್ರು."

ಸದ್ದಮ್ಮ ಮೈಕಿಗೆ ಬಾಗಿದಳು. "ಹಿಮ್ಮಡಿ ಸರಿಯಾಗಿ ಬೀಳ್ತಿಲ್ಲ. ಇನ್ನೊಂದ್ಸಲ."

ಹನ್ನೆರಡನೆಯ ಸಲಕ್ಕೆ ಅವನ ಕಾಲು ಸೋತಿತ್ತು. ಹೆಜ್ಜೆ ಹೆದರಿ ಹೆದರಿ ಬಂತು, ಹಲಗೆಯ ತುದಿಯಲ್ಲಿ ನಿಂತಿತು. ಪರದೆಯ ಮೇಲೆ ನಾಯಕ ನೋಡುತ್ತಿದ್ದ. ಸದ್ದಮ್ಮ ಯಂತ್ರವನ್ನು ಓಡಲು ಬಿಟ್ಟು, ಮೆತ್ತಗೆ ಬಾಗಿಲು ದಾಟಿ ಬಂದು, ನಾಯಕನ ಕಂದು ಬೂಟಿನಲ್ಲಿ ಕಾಲು ತೂರಿಸಿ ಅವನೆದುರು ನಿಂತಳು. ನಾಯಕನ ಹೆಜ್ಜೆಯ ಗಳಿಗೆ ಬಂತು, ಹೋಯಿತು. ಅವಳು ನಿಂತೇ ಇದ್ದಳು. ಅವನು ತಲೆ ತಗ್ಗಿಸಿದ.

ಆಮೇಲೆ ಅವಳು ಹೆಜ್ಜೆಯಿಟ್ಟಳು. ಟಕ್.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂತು. "ಅದನ್ನ ಅಳಿಸ್ಲಾ?" ಎಂದ.

"ಅಳಿಸಿದ್ರೆ ನೋಡು!"

ಸಿನಿಮಾ ಬಿಡುಗಡೆಯಾದಾಗ ಮೂರು ಡ್ರ್ಯಾಗನ್ ಕೊಂದ ನಾಯಕ, ತುಂಬಿದ ಥಿಯೇಟರಿನಲ್ಲಿ, ಗೆಳೆಯನ ಕಡೆಗೆ ಕೊಂಚ ತಡವಾಗಿ ಒಂದು ಹೆಜ್ಜೆಯಿಟ್ಟ, ಮೊಣಕಾಲು ಟಕ್ ಅಂದಿತು. ಅಕ್ಕ ಕಣ್ಣೊರೆಸಿಕೊಳ್ಳುತ್ತಾ ತಂಗಿಯ ಕಿವಿಯಲ್ಲಿ ಪಿಸುಗುಟ್ಟಿದಳು, "ಪಾಪ ಕಣೇ, ಆ ಒಂದು ಹೆಜ್ಜೆಗೆ ಅವನಿಗೆ ಎಷ್ಟು ನೋವಾಯ್ತೋ!"